106ರ ಆದಾಯ, 70ರ ಕೊರತೆ: ಒಂದು ನಿವೃತ್ತಿ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ ಪ್ರಕರಣ

ಪತಿಗೆ 60, ಪತ್ನಿಗೆ 57. ಪತಿ ಇನ್ನೇನು ನಿವೃತ್ತರಾಗಲಿದ್ದಾರೆ, ಪತ್ನಿ ಈಗಾಗಲೇ ಕೆಲಸ ಬಿಟ್ಟಿದ್ದಾರೆ. ಸಾಲವಿಲ್ಲ, ಮನೆ ಸ್ವಂತದ್ದು. ಯಾವ ದೇಶದ ನಾಣ್ಯದಲ್ಲಾದರೂ ಲೆಕ್ಕ ಕೂರಲಿ ಎಂದು ಅವರ ಒಂದು ವರ್ಷದ ಒಟ್ಟು ಖರ್ಚನ್ನು 100 ಎಂದು ಇಟ್ಟುಕೊಂಡಿದ್ದೇನೆ. ಮುಂದಿನ ಅಂಕಿಗಳೆಲ್ಲ ಇದೇ ಅಳತೆಯಲ್ಲಿವೆ. ಪಿಂಚಣಿ 30 ಬರುತ್ತದೆ, ಅದು ಎಂದಿಗೂ ಏರುವುದಿಲ್ಲ. ಉಳಿದ 70 ಅನ್ನು ಕೂಡಿಟ್ಟ ಹಣದಿಂದ ತೆಗೆಯಬೇಕು. ಕೂಡಿಟ್ಟದ್ದು 1,750, ಅಂದರೆ ಕೊರತೆಯ 25 ಪಟ್ಟು.

ಸಲಹೆ ಕೇಳಲು ನನ್ನ ಬಳಿ ಬರುವಾಗ ಅವರೇ ಒಂದು ಯೋಜನೆ ಮಾಡಿಕೊಂಡು ಬಂದಿದ್ದರು. 1,000 ಅನ್ನು ಒಂಬತ್ತು ಡಿವಿಡೆಂಡ್ ಷೇರುಗಳಿಗೆ, ಅಂದರೆ ಲಾಭದ ಪಾಲನ್ನು ಷೇರುದಾರರಿಗೆ ನಗದಾಗಿ ಹಂಚುವ ಕಂಪನಿಗಳ ಷೇರುಗಳಿಗೆ, ಸಮನಾಗಿ ಹಂಚುವುದು. ಅವುಗಳ ಸರಾಸರಿ ಯೀಲ್ಡ್ ಶೇ. 7.2, ವರ್ಷಕ್ಕೆ 72 ಬರುತ್ತದೆ. ಉಳಿದ 750 ಅನ್ನು 30 ವರ್ಷದ ಸರ್ಕಾರಿ ಬಾಂಡಿಗೆ, ಅಂದರೆ ಸರ್ಕಾರಕ್ಕೆ ಕೊಡುವ ಸಾಲದ ಪತ್ರಕ್ಕೆ, ಹಾಕುವುದು. ಬಡ್ಡಿ ಶೇ. 4.5, ವರ್ಷಕ್ಕೆ ಹೆಚ್ಚುಕಡಿಮೆ 34. ಎರಡೂ ಸೇರಿ 106. ಬೇಕಾದದ್ದು 70, ಆದ್ದರಿಂದ ವರ್ಷವರ್ಷವೂ 36 ಮಿಗುತ್ತದೆ, ಅಸಲಿಗೆ ಕೈ ಹಚ್ಚುವ ಪ್ರಮೇಯವೇ ಬರುವುದಿಲ್ಲ. ಕಾಗದದ ಮೇಲೆ ಇದಕ್ಕಿಂತ ಚೆಂದದ ಯೋಜನೆ ಇರಲಾರದು. "ಇದರಲ್ಲಿ ತಪ್ಪೇನಿದೆ ಹೇಳಿ ಸರ್" ಎಂದು ಅವರು ಕೇಳಿದ್ದು ಸಹಜವೇ.

ಪಟ್ಟಿಯಲ್ಲಿ ಷೇರುಗಳನ್ನು ಯೀಲ್ಡಿನ ಇಳಿಕೆ ಕ್ರಮದಲ್ಲಿ ಜೋಡಿಸಲಾಗಿತ್ತು. ನನಗೆ ಮೊದಲು ಕಂಡ ತೊಂದರೆ ಅದೇ. ಯೀಲ್ಡ್ ಎಂದರೆ ಡಿವಿಡೆಂಡನ್ನು ಷೇರಿನ ಬೆಲೆಯಿಂದ ಭಾಗಿಸಿದಾಗ ಬರುವ ಅಂಕಿ. 100ಕ್ಕೆ ಮಾರಾಟವಾಗುವ ಷೇರು 4 ಕೊಟ್ಟರೆ ಶೇ. 4. ಅದೇ ಷೇರು 50ಕ್ಕೆ ಕುಸಿದ ಮರುಗಳಿಗೆಯಲ್ಲಿ ಯೀಲ್ಡ್ ಶೇ. 8 ಆಗಿಬಿಡುತ್ತದೆ. ಕಂಪನಿ ಒಂದು ಕಾಸನ್ನೂ ಹೆಚ್ಚಿಗೆ ಕೊಟ್ಟಿಲ್ಲ. ಆ 4 ಬಹುಕಾಲ ಬರಲಾರದು ಎಂದು ಮಾರುಕಟ್ಟೆ ಅನುಮಾನಿಸುತ್ತಿದೆ, ಅಷ್ಟೇ. ಯೀಲ್ಡ್ ನೋಡಿ ಮೇಲಿನಿಂದ ಆರಿಸುತ್ತ ಬಂದರೆ ಅಂಥ ಅನುಮಾನಕ್ಕೆ ಗುರಿಯಾದ ಕಂಪನಿಗಳೇ ಒಟ್ಟಿಗೆ ಕೈಗೆ ಬರುತ್ತವೆ. ಒಂಬತ್ತರಲ್ಲಿ ಮೂರು ತೈಲ ಮತ್ತು ಅನಿಲದವು, ಎರಡು ದೂರಸಂಪರ್ಕದವು, ಎರಡು ಬ್ಯಾಂಕು, ಒಂದು ಗಣಿ, ಒಂದು ರಿಯಲ್ ಎಸ್ಟೇಟ್. ಹೆಸರು ಒಂಬತ್ತಾದರೂ ಬಹುಪಾಲು ತೈಲದ ಬೆಲೆ ಮತ್ತು ಸಾಲದ ಬಡ್ಡಿ ಎಂಬ ಎರಡೇ ಸಂಗತಿಗಳಿಗೆ ಜೋತುಬಿದ್ದಿವೆ.

ಒಂದು ಷೇರಿನ ಒಳಗೆ

ಪಟ್ಟಿಯ ನೆತ್ತಿಯ ಮೇಲಿದ್ದ ದೂರಸಂಪರ್ಕ ಕಂಪನಿಯ ಲೆಕ್ಕಪತ್ರ ತೆರೆದು ಇಬ್ಬರೂ ಜೊತೆಯಲ್ಲೇ ಕೂತು ಓದಿದೆವು. ಪ್ರತಿ ಷೇರಿಗೆ ಲಾಭ 10, ಡಿವಿಡೆಂಡ್ 9. ಲಾಭದ ಶೇ. 90 ಹಂಚುತ್ತಿದೆ, ಬಿಗಿಯಾದರೂ ನಡೆಯುತ್ತದೆ ಎನ್ನಿಸಬಹುದು. ಆದರೆ ಲಾಭ ಎನ್ನುವುದು ಲೆಕ್ಕಿಗರ ಅಂಕಿ, ಡಿವಿಡೆಂಡ್ ಕೊಡುವುದು ನಗದಿನಲ್ಲಿ. ವ್ಯವಹಾರದಿಂದ ಬಂದ ನಗದು 14. ಗೋಪುರ, ಕೇಬಲ್, ತರಂಗಾಂತರದ ಪರವಾನಗಿಗೆ ಹೋದದ್ದು 8. ಕೈಯಲ್ಲಿ ಉಳಿದದ್ದು 6. ಉಳಿದದ್ದು 6, ಹಂಚಿದ್ದು 9! ಆ 3 ಎಲ್ಲಿಂದ ಬಂತು ಎಂದು ಹುಡುಕುತ್ತ ಪುಟ ತಿರುವಿದರೆ ಸಾಲದ ಸಾಲಿನಲ್ಲಿ ಉತ್ತರವಿತ್ತು. ಅಂದರೆ ಡಿವಿಡೆಂಡಿನ ಮೂರನೇ ಒಂದು ಪಾಲು ಸಾಲ ತಂದು ಕೊಟ್ಟದ್ದು. ಹಳೆಯ ಸಾಲದ ದೊಡ್ಡ ಕಂತೊಂದು ಎರಡು ವರ್ಷದೊಳಗೆ ತೀರಬೇಕಿತ್ತು, ಅದನ್ನು ಈಗಿನ ಹೆಚ್ಚಿನ ಬಡ್ಡಿಯಲ್ಲೇ ಹೊಸದಾಗಿ ಎತ್ತಬೇಕು.

ಈ ಪುಟಗಳನ್ನು ಓದುವುದಕ್ಕೆ ಯಾವ ವಿಶೇಷ ವಿದ್ಯೆಯೂ ಬೇಡ. ವ್ಯವಹಾರದ ನಗದಿನಿಂದ ಬಂಡವಾಳ ವೆಚ್ಚ (ಮೇಲಿನ ಗೋಪುರ, ಕೇಬಲ್‌ನಂಥ ಖರ್ಚು) ಕಳೆಯಬೇಕು, ಬಂದದ್ದನ್ನು ಡಿವಿಡೆಂಡಿನ ಪಕ್ಕದಲ್ಲಿ ಇಟ್ಟು ನೋಡಬೇಕು, ಐದಾರು ವರ್ಷಕ್ಕೆ ಇದನ್ನೇ ಮಾಡಬೇಕು. (ಬ್ಯಾಂಕುಗಳಿಗೆ ಈ ಸೂತ್ರ ಹೊಂದುವುದಿಲ್ಲ, ಅಲ್ಲಿ ನೋಡಬೇಕಾದದ್ದು ಬಂಡವಾಳದ ಅನುಪಾತ ಮತ್ತು ವಸೂಲಾಗದ ಸಾಲ.) ಒಂಬತ್ತರಲ್ಲಿ ನಾಲ್ಕು ಕಂಪನಿಗಳು ಉಳಿದದ್ದಕ್ಕಿಂತ ಹೆಚ್ಚು ಹಂಚುತ್ತಿದ್ದವು.

"ಆದರೆ ಇವೆಲ್ಲ ದೊಡ್ಡ ಕಂಪನಿಗಳು, ದಶಕಗಳಿಂದ ತಪ್ಪದೆ ಕೊಡುತ್ತಿವೆಯಲ್ಲ?" ಎಂಬುದು ಅವರ ಮುಂದಿನ ಪ್ರಶ್ನೆ. ಇದಕ್ಕೆ ತರ್ಕಕ್ಕಿಂತ ಇತಿಹಾಸವೇ ಚೆನ್ನಾಗಿ ಉತ್ತರ ಕೊಡುತ್ತದೆ. ನ್ಯೂಯಾರ್ಕ್ ನಗರಕ್ಕೆ ವಿದ್ಯುತ್ ಪೂರೈಸುವ ಕನ್ಸಾಲಿಡೇಟೆಡ್ ಎಡಿಸನ್ 1885ರಿಂದ ಡಿವಿಡೆಂಡ್ ತಪ್ಪಿಸಿರಲಿಲ್ಲ. ಎರಡು ಮಹಾಯುದ್ಧ, 1930ರ ದಶಕದ ಮಹಾಕುಸಿತ ಎಲ್ಲವನ್ನೂ ದಾಟಿಬಂದ ಕಂಪನಿ. 1973ರ ಕೊನೆಯಲ್ಲಿ ತೈಲದ ಬೆಲೆ ಜಿಗಿಯಿತು, 1974ರ ಏಪ್ರಿಲ್‌ನಲ್ಲಿ ಡಿವಿಡೆಂಡ್ ನಿಂತಿತು. ಅದನ್ನೇ ನಂಬಿ ಬದುಕುತ್ತಿದ್ದ ವಯಸ್ಸಾದ ಷೇರುದಾರರು ಆ ವರ್ಷದ ಸಭೆಯಲ್ಲಿ ಸಿಟ್ಟಿಗೆದ್ದು, ಇನ್ನು ನಾವು ಜೀವನ ಮಾಡುವುದು ಹೇಗೆ ಎಂದು ಕೇಳಿದರು. ಜನರಲ್ ಎಲೆಕ್ಟ್ರಿಕ್ 2009ರಲ್ಲಿ ತ್ರೈಮಾಸಿಕ ಡಿವಿಡೆಂಡನ್ನು 31 ಸೆಂಟ್‌ಗಳಿಂದ 10ಕ್ಕೆ ಇಳಿಸಿತು, ನಿಧಾನಕ್ಕೆ 24ರವರೆಗೆ ಏರಿಸಿತು, 2017ರಲ್ಲಿ 12ಕ್ಕೂ 2018ರಲ್ಲಿ 1 ಸೆಂಟ್‌ಗೂ ತಂದಿತು. ಎರಡನೇ ಮಹಾಯುದ್ಧದ ನಂತರ ಒಮ್ಮೆಯೂ ಕಡಿತ ಮಾಡದ ಶೆಲ್ 2020ರ ಏಪ್ರಿಲ್‌ನಲ್ಲಿ 47 ಸೆಂಟ್‌ಗಳನ್ನು 16 ಮಾಡಿತು. ಕಂಪನಿಗೆ ಕೊಡುವ ಶಕ್ತಿ ಇದ್ದರೂ ಕೊಡಲು ಬಿಡದ ಸಂದರ್ಭವೂ ಬರುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ಯುರೋಪಿನ ಕೇಂದ್ರ ಬ್ಯಾಂಕ್ ಮತ್ತು ಬ್ರಿಟನ್ನಿನ ನಿಯಂತ್ರಕರು ಡಿವಿಡೆಂಡ್ ಹಂಚಬೇಡಿ ಎಂದು ಬ್ಯಾಂಕುಗಳಿಗೆ ಹೇಳಿದರು, ಹಂಚಿಕೆ ನಿಂತಿತು.

ಷೇರುದಾರನಿಗೆ ಡಿವಿಡೆಂಡ್ ಕೊಡಲೇಬೇಕೆಂಬ ಕರಾರು ಎಲ್ಲೂ ಇಲ್ಲ. ಬಾಂಡಿನ ಬಡ್ಡಿ ತಪ್ಪಿದರೆ ಕಂಪನಿ ದಿವಾಳಿಯ ಬಾಗಿಲಿಗೆ ಬರುತ್ತದೆ. ಡಿವಿಡೆಂಡ್ ತಪ್ಪಿದರೆ ಒಂದು ಪತ್ರಿಕಾ ಪ್ರಕಟಣೆ ಬರುತ್ತದೆ. ಈ ದಂಪತಿಯ ಯೋಜನೆಯಲ್ಲಿ ಪ್ರತಿ ಷೇರಿಗೂ 111 ಹೋಗುತ್ತಿತ್ತು. ಶೇ. 8ರ ಒಂದೇ ಒಂದು ಷೇರು ಕೈಕೊಟ್ಟರೂ ವರ್ಷಕ್ಕೆ ಸುಮಾರು 9 ಖೋತಾ. ಅಂಥ ನಾಲ್ಕು ಕೈಕೊಟ್ಟರೆ ಮಿಗುತ್ತಿದ್ದ 36 ಹೆಚ್ಚುಕಡಿಮೆ ಪೂರ್ತಿ ಹೋಗುತ್ತಿತ್ತು, ಆಮೇಲಿನ ಪೆಟ್ಟು ಬೀಳುತ್ತಿದ್ದದ್ದು ಔಷಧಿ, ವಿಮೆ, ಮನೆಖರ್ಚಿನ ಮೇಲೆ.

ಬಾಂಡಿನ ಕಡೆ

ಷೇರು ಬಿಟ್ಟು ಬಾಂಡಿಗೆ ಬಂದರೆ ನಿಶ್ಚಿಂತೆ ಎಂದು ಅನೇಕರು ತಿಳಿಯುತ್ತಾರೆ. ಇವರ 750 ಸರ್ಕಾರಿ ಬಾಂಡಿನಲ್ಲಿತ್ತು, ಹಣ ಮುಳುಗುವ ಭಯವಿಲ್ಲ. ಆದರೆ ಆರಿಸಿದ ಅವಧಿ 30 ವರ್ಷ. ಮಾರುಕಟ್ಟೆಯ ಬಡ್ಡಿ ಶೇ. 4.5ರಿಂದ 5.5ಕ್ಕೆ ಏರಿದರೆ, ಹೊಸ ಬಾಂಡುಗಳು ಹೆಚ್ಚು ಕೊಡುವುದರಿಂದ, ಆ ಬಾಂಡಿನ ಬೆಲೆ 100ರಿಂದ 85.5ಕ್ಕೆ ಇಳಿಯುತ್ತದೆ. 750 ಇದ್ದದ್ದು 641 ಆಗುತ್ತದೆ. ಕೊನೆಯವರೆಗೂ ಇಟ್ಟುಕೊಂಡರೆ ಪೂರ್ತಿ ಬರುತ್ತದೆ, ನಿಜ. ಆಗ ಪತಿಗೆ 90 ವರ್ಷ. ನಡುವೆ ಆಸ್ಪತ್ರೆಗೆಂದು ಮಾರಬೇಕಾಗಿ ಬಂದರೆ ಸಿಕ್ಕಿದ ಬೆಲೆಗೆ ಮಾರಬೇಕು. 2020ರಲ್ಲಿ ಆಸ್ಟ್ರಿಯಾ ಸರ್ಕಾರ ಶೇ. 0.85 ಬಡ್ಡಿಗೆ 100 ವರ್ಷದ ಬಾಂಡ್ ಹೊರಡಿಸಿತ್ತು. ಬಡ್ಡಿ ಒಮ್ಮೆಯೂ ತಪ್ಪಿಲ್ಲ. ಆದರೂ 2022ರಿಂದ ಜಗತ್ತಿನಾದ್ಯಂತ ಬಡ್ಡಿ ದರ ಏರಿದಾಗ ಅದರ ಬೆಲೆ ಅರ್ಧಕ್ಕಿಂತ ಕೆಳಗೆ ಹೋಯಿತು. ಅದೇ 2022ರಲ್ಲಿ ಅಮೆರಿಕದ ಉತ್ತಮ ದರ್ಜೆಯ ಬಾಂಡುಗಳ ಸೂಚ್ಯಂಕ ಸುಮಾರು ಶೇ. 13 ಕುಸಿಯಿತು.

ಬೆಲೆಯ ಏರಿಳಿತಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಹಣದುಬ್ಬರ. ಆ 34 ಮೂವತ್ತು ವರ್ಷವೂ 34 ಆಗಿಯೇ ಇರುತ್ತದೆ. ಶೇ. 5ರ ಹಣದುಬ್ಬರದಲ್ಲಿ ಹದಿನಾಲ್ಕು, ಹದಿನೈದು ವರ್ಷಕ್ಕೆ ಅದರ ಬೆಲೆ ಅರ್ಧವಾಗುತ್ತದೆ. ಪಿಂಚಣಿಯೂ ಏರುವುದಿಲ್ಲ. ಡಿವಿಡೆಂಡುಗಳೂ ಬೆಳೆಯದ ಕಂಪನಿಗಳವು. ಮೂರು ಕಾಲೂ ಒಂದೇ ಕಡೆ ಕುಸಿಯುವ ಕುರ್ಚಿ ಅದು.

ಖರ್ಚನ್ನು ಸೀಳಿದಾಗ

ಅಲ್ಲಿಯವರೆಗೆ ಎಲ್ಲರೂ ಆದಾಯವನ್ನೇ ನೋಡುತ್ತಿದ್ದೆವು. ಖರ್ಚಿನ ಕಡೆ ತಿರುಗಿಸಿದವರು ಪತ್ನಿ. ಮನೆಯ ಖರ್ಚನ್ನು ವರ್ಷಗಟ್ಟಲೆ ಬರೆದಿಟ್ಟಿದ್ದ ಪುಸ್ತಕ ತಂದರು. ಊಟ, ಔಷಧಿ, ವಿಮೆ, ತೆರಿಗೆ, ಮನೆಯ ದುರಸ್ತಿ ಸೇರಿ 70. ಪ್ರವಾಸ, ಉಡುಗೊರೆ, ಹೊಸ ಸಾಮಾನು 30. ಮೊದಲನೆಯದು ಒಂದು ತಿಂಗಳೂ ನಿಲ್ಲುವಂತಿಲ್ಲ. ಎರಡನೆಯದನ್ನು ಒಂದು ವರ್ಷ ಮುಂದಕ್ಕೆ ಹಾಕಿದರೆ ಬೇಸರವಾಗುತ್ತದೆ, ಅಷ್ಟೇ.

ನನ್ನ ಮಟ್ಟಿಗೆ ಇಡೀ ಪ್ರಕರಣ ಬಿಡಿಸಿಕೊಂಡದ್ದು ಇಲ್ಲಿ. ನಿಲ್ಲಬಹುದಾದ ಆದಾಯವನ್ನು ನಿಲ್ಲಬಹುದಾದ ಖರ್ಚಿಗೆ ಕಟ್ಟಬೇಕು, ನಿಲ್ಲದ ಆದಾಯವನ್ನು ನಿಲ್ಲದ ಖರ್ಚಿಗೆ. ಡಿವಿಡೆಂಡ್ ಪ್ರವಾಸಕ್ಕೆ, ಬಾಂಡ್ ಔಷಧಿಗೆ. ಅವರ ಯೋಜನೆಯಲ್ಲಿ ಇದು ತಲೆಕೆಳಗಾಗಿತ್ತು.

ಅತ್ಯಗತ್ಯ ಖರ್ಚು 70ರಲ್ಲಿ 30 ಅನ್ನು ಪಿಂಚಣಿ ನೋಡಿಕೊಳ್ಳುತ್ತದೆ, ಮೊದಲ ವರ್ಷ ಬೇಕಾದದ್ದು 40 ಮಾತ್ರ. ಆದರೆ ಖರ್ಚು ಶೇ. 5ರಂತೆ ಏರಿ ಪಿಂಚಣಿ ನಿಂತಲ್ಲೇ ನಿಂತರೆ ಎರಡನೇ ವರ್ಷ 43.5, ಆರನೇ ವರ್ಷ 59.3, ಹತ್ತನೇ ವರ್ಷ 78.6 ಬೇಕಾಗುತ್ತದೆ. ಖರ್ಚು ಒಂದೂವರೆ ಪಟ್ಟು ಆಗುವಷ್ಟರಲ್ಲಿ ಕೊರತೆ ಹೆಚ್ಚುಕಡಿಮೆ ಎರಡು ಪಟ್ಟು ಆಗಿರುತ್ತದೆ. ಏರದ ಪಿಂಚಣಿ ಇರುವವರು ಈ ಒಂದು ಲೆಕ್ಕವನ್ನು ತಪ್ಪದೆ ಮಾಡಿ ನೋಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಹೊಸ ಜೋಡಣೆ ಹೀಗಾಯಿತು. ಪ್ರವಾಸ, ಉಡುಗೊರೆಯೂ ಸೇರಿ ಮೊದಲ ವರ್ಷದ ಒಟ್ಟು ಕೊರತೆ 70 ಪೂರ್ತಿಯಾಗಿ ಠೇವಣಿಯಲ್ಲಿ. ಎರಡರಿಂದ ಹತ್ತನೇ ವರ್ಷದವರೆಗೆ ಆಯಾ ವರ್ಷ ಅವಧಿ ಮುಗಿಯುವ ಒಂಬತ್ತು ಸರ್ಕಾರಿ ಬಾಂಡುಗಳ ಏಣಿ, ಪ್ರತಿ ಮೆಟ್ಟಿಲೂ ಆ ವರ್ಷದ ಅತ್ಯಗತ್ಯ ಕೊರತೆಗೆ ಸರಿಯಾಗಿ. ಶೇ. 5 ಬಡ್ಡಿ ಸಿಗುತ್ತದೆಂದುಕೊಂಡರೆ ಈ ಏಣಿಯ ಇಂದಿನ ಬೆಲೆ 417. ಹನ್ನೊಂದರಿಂದ ಹದಿನೈದನೇ ವರ್ಷಕ್ಕೆ 263, ಹಣದುಬ್ಬರ ಸೂಚ್ಯಂಕದ ಜೊತೆ ಅಸಲೂ ಏರುವ ಸರ್ಕಾರಿ ಬಾಂಡುಗಳಲ್ಲಿ. ಬ್ರಿಟನ್ 1981ರಲ್ಲಿ, ಅಮೆರಿಕ 1997ರಲ್ಲಿ ಇಂಥವನ್ನು ಆರಂಭಿಸಿದವು. ಎಲ್ಲ ದೇಶಗಳಲ್ಲೂ ಸುಲಭವಾಗಿ ಸಿಗುವುದಿಲ್ಲ, ಸಿಗುವಲ್ಲಿ ನಿವೃತ್ತರಿಗೆ ಇದಕ್ಕಿಂತ ಹೊಂದುವ ಸಾಧನ ನನಗೆ ಕಂಡಿಲ್ಲ. 70, 417, 263 ಕೂಡಿಸಿದರೆ 750. ಷೇರುಗಳಿಗೆ ಉಳಿದದ್ದು 1,000.

ಅಂದರೆ 1,000 ಮತ್ತು 750 ಎಂಬ ಅವರ ಹಂಚಿಕೆ ಕೂದಲೆಳೆಯಷ್ಟೂ ಬದಲಾಗಲಿಲ್ಲ! ಷೇರಿಗೆ ಎಷ್ಟು, ಬಾಂಡಿಗೆ ಎಷ್ಟು ಎಂಬ ಚರ್ಚೆಯಲ್ಲೇ ಬಹಳಷ್ಟು ಜನ ಸುಸ್ತಾಗುತ್ತಾರೆ. ಇಲ್ಲಿ ಅನುಪಾತ ಸರಿಯಾಗಿಯೇ ಇತ್ತು, ಒಳಗಿನ ಸರಕು ಸರಿಯಿರಲಿಲ್ಲ.

ಕಾರ್ಪೊರೇಟ್ ಬಾಂಡುಗಳಲ್ಲಿ ಶೇ. 2, 3 ಹೆಚ್ಚು ಸಿಗುತ್ತದಲ್ಲ ಎಂಬ ಮಾತು ಬಂತು. ಏಣಿಯಲ್ಲಿ ಅವಕ್ಕೆ ಜಾಗ ಕೊಡಲಿಲ್ಲ. ಕೆಳದರ್ಜೆಯ ಬಾಂಡುಗಳು ಬೀಳುವುದು ಷೇರುಗಳು ಬೀಳುವ ಹೊತ್ತಿಗೇ, 2008ರ ಹಣಕಾಸು ಬಿಕ್ಕಟ್ಟು ಅದನ್ನು ತೋರಿಸಿದೆ. ಷೇರು ಬಿದ್ದಾಗ ನಿಂತಿರಲಿ ಎಂದೇ ಏಣಿ ಕಟ್ಟಿದ್ದು. ಠೇವಣಿಯ 70 ಕೂಡ, ಬ್ಯಾಂಕ್ ಮುಳುಗಿದರೆ ಹಣ ಮರಳಿಸುವ ಠೇವಣಿ ವಿಮೆಯ ಮಿತಿಯೊಳಗೆ ಇರಲೆಂದು ಎರಡು ಬ್ಯಾಂಕಿಗೆ ಹಂಚಿದ್ದಾಯಿತು.

ಷೇರುಗಳ 1,000

ಇದರಲ್ಲಿ 700 ಅನ್ನು ಹಲವು ದೇಶಗಳ ನೂರಾರು ಕಂಪನಿಗಳಿರುವ, ಮಾರುಕಟ್ಟೆಯ ಸೂಚ್ಯಂಕವನ್ನೇ ಅನುಸರಿಸುವ ಕಡಿಮೆ ಶುಲ್ಕದ ಸೂಚ್ಯಂಕ ನಿಧಿಗೆ ಹಾಕಿದರು. ಹಲವು ದೇಶ ಎಂಬುದಕ್ಕೆ ಒತ್ತು ಕೊಟ್ಟೆ. ಜಪಾನಿನ ನಿಕ್ಕೇ ಸೂಚ್ಯಂಕ 1989ರ ಡಿಸೆಂಬರ್‌ನಲ್ಲಿ 38,915 ಮುಟ್ಟಿತ್ತು, ಆ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ. ಒಬ್ಬರ ಇಡೀ ನಿವೃತ್ತಿ ಜೀವನ ಆ ನಡುವಿನ ಕಣಿವೆಯಲ್ಲೇ ಕಳೆದುಹೋಗಬಹುದಿತ್ತು.

ಉಳಿದ 300 ಅನ್ನು ಹನ್ನೆರಡು ಷೇರುಗಳಿಗೆ 25ರಂತೆ ಹಂಚಿದ್ದು. ಹಳೆಯ ಒಂಬತ್ತರಲ್ಲಿ ಎರಡು ಉಳಿದವು. ಹೊಸತಾಗಿ ಸೇರಿದ ಒಂದು ಷೇರನ್ನು ಹತ್ತಿರದಿಂದ ನೋಡಿದರೆ ಆರಿಸಿದ ಬಗೆ ತಿಳಿಯುತ್ತದೆ. ಯೀಲ್ಡ್ ಬರೀ ಶೇ. 2.6. ಕೈಯಲ್ಲಿ ಉಳಿಯುವ 7ರಲ್ಲಿ ಹಂಚುವುದು 3. ಸಾಲ ಅತಿ ಕಡಿಮೆ. ಡಿವಿಡೆಂಡ್ ವರ್ಷಕ್ಕೆ ಸುಮಾರು ಶೇ. 8ರಂತೆ ಏರುತ್ತಿದೆ. ಇದೇ ವೇಗ ನಡೆದರೆ ಒಂಬತ್ತು ವರ್ಷಕ್ಕೆ ಇಂದು ಕೊಟ್ಟ ಬೆಲೆಯ ಮೇಲೆ ಶೇ. 5.2 ಕೊಡುತ್ತದೆ, ಹದಿನೆಂಟಕ್ಕೆ ಶೇ. 10.4. ನಡೆಯದೆಯೂ ಇರಬಹುದು, ಆದ್ದರಿಂದಲೇ ಅದು ಹನ್ನೆರಡರಲ್ಲಿ ಒಂದು. ಒಂದು ಪೂರ್ತಿ ನಿಂತರೂ ನಷ್ಟ ವರ್ಷಕ್ಕೆ 0.75ರ ಆಸುಪಾಸು, ಹಿಂದಿನ 9 ಅಲ್ಲ.

1,000ದ ಒಟ್ಟು ಯೀಲ್ಡ್ ಶೇ. 3, ವರ್ಷಕ್ಕೆ 30. ಪ್ರವಾಸ, ಉಡುಗೊರೆಗಳ ಲೆಕ್ಕಕ್ಕೆ ಸರಿಹೊಂದುವ ಮೊತ್ತ. ತೆರಿಗೆಯಲ್ಲಿ ಡಿವಿಡೆಂಡ್, ಬಡ್ಡಿ, ಮಾರಾಟದ ಲಾಭ ಮೂರಕ್ಕೂ ದೇಶಕ್ಕೊಂದು ನಿಯಮ. ಮೇಲಿನ ಅಂಕಿಗಳನ್ನು ತೆರಿಗೆ ಕಳೆದು ಹಾಕಿಕೊಳ್ಳಬೇಕು.

ಪತಿಗೆ ಇದನ್ನು ಒಪ್ಪುವುದು ಕಷ್ಟವಾಯಿತು. "106 ಬರುತ್ತಿತ್ತು, ಈಗ ಬಾಂಡುಗಳನ್ನೇ ಕರಗಿಸಿ ತಿನ್ನಿ ಅಂತೀರಲ್ಲ. ಅಸಲು ಮುಟ್ಟಬಾರದು ಅಂತಲೇ ಜೀವಮಾನವೆಲ್ಲ ದುಡಿದದ್ದು." ಈ ಭಾವನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅರ್ಥಶಾಸ್ತ್ರಜ್ಞರಾದ ಮಿಲ್ಲರ್ ಮತ್ತು ಮೊಡಿಗ್ಲಿಯಾನಿ 1961ರಲ್ಲೇ, ತೆರಿಗೆ ಮತ್ತು ವಹಿವಾಟು ವೆಚ್ಚಗಳಿಲ್ಲದ ಮಾರುಕಟ್ಟೆಯಲ್ಲಿ ಡಿವಿಡೆಂಡ್ ಹಂಚುವುದರಿಂದ ಕಂಪನಿಯ ಮೌಲ್ಯ ಹೆಚ್ಚುವುದಿಲ್ಲ ಎಂದು ತೋರಿಸಿದರು. ಹೊಸದಾಗಿ ಕೊಂಡವರಿಗೆ ಆ ಡಿವಿಡೆಂಡ್ ಸಿಗದಾಗುವ ದಿನ ಷೇರಿನ ಬೆಲೆಯೂ ಸರಿಸುಮಾರು ಅಷ್ಟೇ ಇಳಿಯುತ್ತದೆ. ಆ ಲೆಕ್ಕದಲ್ಲಿ ಡಿವಿಡೆಂಡ್ ತಿನ್ನುವುದೂ ಅಸಲಿನ ಒಂದು ಚೂರು ತಿನ್ನುವುದೇ. 1984ರಲ್ಲಿ ಶೆಫ್ರಿನ್ ಮತ್ತು ಸ್ಟಾಟ್ಮನ್ ಇನ್ನೊಂದು ಮುಖ ತೋರಿಸಿದರು: ಬಂದದ್ದನ್ನಷ್ಟೇ ಖರ್ಚು ಮಾಡುತ್ತೇನೆ ಎಂಬ ನಿಯಮ ಮನುಷ್ಯನಿಗೆ ಕಡಿವಾಣದಂತೆ ಕೆಲಸ ಮಾಡುತ್ತದೆ. ಆ ಕಡಿವಾಣ ಒಳ್ಳೆಯದೇ, ಮಾರುಕಟ್ಟೆ ಕುಸಿದಾಗ ಗಾಬರಿಯಿಂದ ಮಾರದಂತೆ ತಡೆಯುತ್ತದೆ. ಯಾವ ಷೇರು ಕೊಳ್ಳಬೇಕು ಎಂಬುದನ್ನು ಅದರ ಕೈಗೆ ಕೊಡಬಾರದು. ಏಣಿಯ ಅಸಲು ಇರುವುದೇ ಖರ್ಚಾಗಲೆಂದು, ಷೇರುಗಳ 1,000 ಮಾತ್ರ ಮುಟ್ಟದ ಅಸಲು ಎಂದು ಹೆಸರಿಟ್ಟ ಮೇಲೆ ಅವರ ಮನಸ್ಸು ತುಸು ಹಗುರಾಯಿತು.

ಬಿಗಿಯಾದ ಲೆಕ್ಕ

ಇಷ್ಟಕ್ಕೇ ನಿಲ್ಲಿಸಿದ್ದರೆ ದೊಡ್ಡ ಅಪಾಯ ಕಣ್ಣು ತಪ್ಪುತ್ತಿತ್ತು. 1994ರಲ್ಲಿ ವಿಲಿಯಂ ಬೆಂಗೆನ್ ಎಂಬ ಸಲಹೆಗಾರರು ಅಮೆರಿಕದ ಹಳೆಯ ಅಂಕಿಗಳಿಂದ, ಮೊದಲ ವರ್ಷ ಗಂಟಿನ ಶೇ. 4 ತೆಗೆದು ಮುಂದೆ ಹಣದುಬ್ಬರದಷ್ಟು ಏರಿಸುತ್ತ ಹೋದರೂ 30 ವರ್ಷ ಬಾಳುತ್ತದೆ ಎಂದು ಕಂಡುಕೊಂಡರು. 1,750ರಲ್ಲಿ 70 ಎಂದರೆ ಸರಿಯಾಗಿ ಶೇ. 4. ಆದರೆ ಇವರಿಗೆ 35 ವರ್ಷ ಬೇಕು, ಮೇಲಾಗಿ ಪಿಂಚಣಿ ಏರದ ಕಾರಣ ಕೊರತೆ ಹಣದುಬ್ಬರಕ್ಕಿಂತ ವೇಗವಾಗಿ ಬೆಳೆಯುತ್ತದೆ.

ಡಿವಿಡೆಂಡೂ ಷೇರಿನ ಬೆಲೆಯೂ ವರ್ಷಕ್ಕೆ ಶೇ. 6 ಏರುತ್ತವೆ ಎಂದುಕೊಂಡು ಹದಿನೈದು ವರ್ಷ ಮುಂದೆ ಹೋದೆವು. ಏಣಿ ಮುಗಿದಿದೆ, ಷೇರುಗಳು ಸುಮಾರು 2,400 ಆಗಿವೆ. ಆಗಿನ ವಾರ್ಷಿಕ ಕೊರತೆ 178. ಹದಿಮೂರೂವರೆ ಪಟ್ಟು ಮಾತ್ರ! ಎಲ್ಲ ಅಂದುಕೊಂಡಂತೆ ನಡೆದರೂ ಅಲ್ಲಿಂದ ಹದಿನೇಳು ವರ್ಷ. ಪತ್ನಿಗೆ 89 ತುಂಬುವಾಗ ಗಂಟು ಖಾಲಿ. "ಅಲ್ಲಿಗೆ ನನ್ನ ಬದುಕು ಮುಗಿದಿರುತ್ತೆ ಅಂತ ಯಾರು ಹೇಳಿದ್ದು?" ಎಂದು ಅವರು ಕೇಳಿದರು.

ಇನ್ನೂ ಹೆಚ್ಚಿನ ಯೀಲ್ಡ್ ಹುಡುಕಿ ಈ ತೂತು ಮುಚ್ಚಲಾಗದು. ಮುಚ್ಚಿದ್ದು ಖರ್ಚಿನ ಪುಸ್ತಕ. ಪ್ರವಾಸ, ಉಡುಗೊರೆಗಳ 30 ಅನ್ನು 20 ಮಾಡಿ, ಡಿವಿಡೆಂಡಿನಲ್ಲಿ ಮಿಗುವ ಹಣವನ್ನು ಮತ್ತೆ ಷೇರಿಗೇ ಹಾಕುತ್ತ ಹೋದರೆ ಹದಿನೈದು ವರ್ಷಕ್ಕೆ ಷೇರುಗಳು 2,790ರಷ್ಟಾಗುತ್ತವೆ, ಕೊರತೆ 157ಕ್ಕೆ ಇಳಿಯುತ್ತದೆ. ಹದಿನೇಳು ವರ್ಷದ ಜಾಗದಲ್ಲಿ ಸುಮಾರು ಇಪ್ಪತ್ತೈದು ವರ್ಷ. ಖರ್ಚಿನಲ್ಲಿ ಕಡಿಮೆಯಾದ ಆ 10 ಎಂಟು ವರ್ಷ ತಂದುಕೊಟ್ಟಿತು. ಇನ್ನೊಂದು ಅನುಕೂಲವೂ ಜೊತೆಗೆ ಬಂತು. 2009ರಲ್ಲಿ ಅಮೆರಿಕದ 500 ದೊಡ್ಡ ಕಂಪನಿಗಳ ಒಟ್ಟು ಡಿವಿಡೆಂಡ್ ಹಿಂದಿನ ವರ್ಷಕ್ಕಿಂತ ಐದನೇ ಒಂದು ಪಾಲಿನಷ್ಟು ಕುಸಿದಿತ್ತು. ಅಂಥದ್ದು ಮರುಕಳಿಸಿ 30 ಬರುವಲ್ಲಿ 24 ಬಂದರೂ 20ರ ಖರ್ಚು ನಡೆಯುತ್ತದೆ. ಇಬ್ಬರೂ ಇದಕ್ಕೆ ಒಪ್ಪಿದರು. ಪತಿ ಒಪ್ಪಲು ಎರಡು ವಾರ ತೆಗೆದುಕೊಂಡರು, ಅವರ ಪಟ್ಟಿಯಲ್ಲಿದ್ದ ದೊಡ್ಡ ಪ್ರವಾಸವೊಂದು ಚಿಕ್ಕದಾಯಿತು.

ಏಣಿಗೆ ಹೊಸ ಮೆಟ್ಟಿಲು ಸೇರಿಸುವ ನಿಯಮವನ್ನೂ ಬರೆದಿಟ್ಟೆವು. ಷೇರುಗಳ ಮೌಲ್ಯ ಶೇ. 6ರ ದಾರಿಗಿಂತ ಮೇಲಿದ್ದ ವರ್ಷ, ಮೇಲಿರುವಷ್ಟನ್ನು ಮಾರಿ ದೂರದ ಮೆಟ್ಟಿಲೊಂದನ್ನು ಕೊಳ್ಳುವುದು. ಕೆಳಗಿದ್ದ ವರ್ಷ ಏನನ್ನೂ ಮಾರದೆ ಇರುವ ಏಣಿಯಲ್ಲೇ ಇಳಿಯುವುದು.

ಕೊನೆಗೆ ಹಣದುಬ್ಬರ ಶೇ. 5ರ ಬದಲು 7 ಆದರೆ ಎಂದು ನೋಡಿದಾಗ ಏಣಿಯ ತುದಿ ಅಲುಗಾಡಿತು. ಹತ್ತನೇ ವರ್ಷಕ್ಕೆ ಬೇಕಾಗುವುದು 98.7, ಮೆಟ್ಟಿಲಲ್ಲಿ ಇರುವುದು 78.6. ಹತ್ತಿರದ ಮೆಟ್ಟಿಲುಗಳಲ್ಲಿ ಅಂತರ ಸಣ್ಣದು, ದೂರ ಹೋದಷ್ಟೂ ಹಿಗ್ಗುತ್ತದೆ. ಹಾಗಾಗಿ ಎಂಟು, ಒಂಬತ್ತು, ಹತ್ತನೇ ವರ್ಷದ ಮೂರು ಮೆಟ್ಟಿಲುಗಳ 149 ಅನ್ನು ಸಾಮಾನ್ಯ ಬಾಂಡಿನಿಂದ ತೆಗೆದು ಹಣದುಬ್ಬರಕ್ಕೆ ಜೋಡಿಸಿದ ಬಾಂಡಿಗೆ ವರ್ಗಾಯಿಸಿದೆವು. ಅಂತಿಮವಾಗಿ ಠೇವಣಿ 70, ಸಾಮಾನ್ಯ ಸರ್ಕಾರಿ ಬಾಂಡ್ 268, ಹಣದುಬ್ಬರದ ಬಾಂಡ್ 412, ಷೇರು 1,000. ಮುಂದಿನ ವರ್ಷ ಹನ್ನೆರಡು ಕಂಪನಿಗಳ ವಾರ್ಷಿಕ ವರದಿ ಬಂದ ಮೇಲೆ ಉಳಿದ ನಗದು ಮತ್ತು ಡಿವಿಡೆಂಡಿನ ಪಟ್ಟಿಯನ್ನು ಪತ್ನಿಯೇ ತಯಾರಿಸುತ್ತಾರೆ, ಪತಿ ಪರಿಶೀಲಿಸುತ್ತಾರೆ.